ಖಣದ ಅಂಚು, ಓವಲ್ ಮೈದಾನದ ಗೆರೆ

ಡೊಂಬಿವಲಿ
9 ನವೆಂಬರ್ 2024, ಶನಿವಾರ

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಿಗ್ಗೆ ಬೇಗ ಹೊರಟು ಮುಂಬೈಯ ದಾದರಿಗೆ ಹೋದೆ. ಖಣ, ಅಂದರೆ ಕುಬಸ (ರವಿಕೆ) ಹೊಲಿಸುವ ಅಂಚಿನ ಬಟ್ಟೆ ಕೊಂಡೆ, ಟೇಲರ್ ಮಾಸ್ತರರಿಗೆ ತೋರಿಸಿದೆ, ಅಳತೆ ಕೊಟ್ಟು ಬಂದೆ. ಒಂದು ಕುಬಸಕ್ಕೆ ಇಷ್ಟೊಂದು ಓಡಾಟ ಬೇಕಾ ಅಂತ ಮನೆಯಲ್ಲಿ ಕೇಳಿದರು. ಬೇಕು. ಈ ಕುಬಸದ ಹಿಂದೆ ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರೂ ಫ್ಯಾಷನ್ನಿನವರಲ್ಲ. ಅವರ ಜೊತೆಗೆ ಒಂದಿಷ್ಟು ಕಟ್ಟಡಗಳೂ ಇವೆ.

ಮೊದಲು ಒಬ್ಬ ಮಾವಶಿಯ ವಿಷಯ. ಹಿರಿಯ ಹೆಂಗಸರನ್ನು ಮರಾಠಿಯಲ್ಲಿ ಹಾಗೆ ಕರೆಯುತ್ತಾರೆ. ದೀಪಾವಳಿಗೆ ಮುಂಚೆ ಬೆಳಗಿನ ಲೋಕಲ್‌ನಲ್ಲಿ ಸಿಕ್ಕಿದ್ದರು. ಲೇಡೀಸ್ ಡಬ್ಬಿಯ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದರು. ಕಾಲ ಬಳಿ ಮಾವಿನ ಎಲೆ, ಬಾಳೆ ಎಲೆಯ ಗಂಟು. ಕರ್ಜತ್ ಕಡೆಯಿಂದ ದಾದರಿಗೆ ಮಾರಲು ಬರುವವರು. ಉಟ್ಟಿದ್ದು ದಿನಬಳಕೆಯ ಪ್ರಿಂಟ್ ಸೀರೆ, ಬೂದು ಬಣ್ಣದ ಮೇಲೆ ದೊಡ್ಡ ದೊಡ್ಡ ಕೆಂಪು ಹೂ. ಅದರ ಜೊತೆ ಕಡು ಹಸಿರು ಖಣದ ಚೋಳಿ. ತೋಳಿನ ತುದಿಗೆ ಕೆಂಪು ಅಂಚು. ತೊಳೆದು ತೊಳೆದು ಹಸಿರು ಮಾಸಿತ್ತು. ಅಂಚು ಮಾತ್ರ ಒಂದು ಎಳೆಯೂ ಬಿಡದೆ ಗಟ್ಟಿಯಾಗಿತ್ತು.

ನಾನು ಧಾರವಾಡದವಳು. ನಮ್ಮ ಕಡೆ ಖಣ ಅಂದರೆ ಇಳಕಲ್ ಸೀರೆಯ ಜೋಡಿ. ಕೆಂಪು ಬಿಳಿಯ ತೋಪ ತೆನಿ ಸೆರಗು, ಚಿಕ್ಕಿ ಪರಾಸ್ ದಡಿ, ಮೇಲೆ ಗುಳೇದಗುಡ್ಡದ ಖಣ. ಹಬ್ಬಕ್ಕೆ, ಮದುವೆಗೆ, ಕಾಲೇಜಿನ ಎಥ್ನಿಕ್ ಡೇಗೆ ಎಲ್ಲರೂ ಹಾಗೇ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಆ ಜೋಡಿ ಎಷ್ಟು ರೂಢಿಯಾಗಿದೆ ಅಂದರೆ ಖಣವನ್ನು ಬೇರೆ ಯಾವುದರ ಜೊತೆಗಾದರೂ ಹಾಕಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಮಾವಶಿ ಹಾಕಿದ್ದರು. ಅದೂ ಹೂವಿನ ಪ್ರಿಂಟಿಗೆ!

ಠಾಣೆ ದಾಟುವವರೆಗೂ ನೋಡುತ್ತಲೇ ಇದ್ದೆ. ಎರಡೂ ಡಿಸೈನಿನ ಬಟ್ಟೆ. ಒಂದರ ಮೇಲೊಂದು ಬಂದು ಜಗಳ ಆಗಬೇಕಿತ್ತು, ಆಗಿರಲಿಲ್ಲ. ಖಣದ ಬುಟ್ಟಾ, ಅಂದರೆ ನೇಯ್ಗೆಯ ಚಿತ್ತಾರ, ತೀರಾ ಸಣ್ಣದು, ಒತ್ತೊತ್ತಾಗಿ ಇರುತ್ತದೆ. ತೇರು, ಆನೆ ಹೆಜ್ಜೆ ಅಂತೆಲ್ಲ ಹೆಸರಿದ್ದರೂ ಎರಡು ಹೆಜ್ಜೆ ದೂರ ನಿಂತರೆ ಆಕಾರ ಕಾಣುವುದಿಲ್ಲ. ಬಣ್ಣಕ್ಕೊಂದು ತರಿತರಿ ಹೊಳಪು ಬಂದ ಹಾಗೆ ಮಾತ್ರ ಕಾಣುತ್ತದೆ. ಹಾಗಾಗಿ ದೊಡ್ಡ ಹೂವಿನ ಪಕ್ಕ ಅದು ಸಾದಾ ಬಟ್ಟೆಯ ಕೆಲಸ ಮಾಡುತ್ತದೆ. ಜೊತೆಗೆ ಅಂಚಿನ ಕೆಂಪು, ಹೂವಿನ ಕೆಂಪು ಎರಡೂ ಒಂದೇ. ಇಷ್ಟು ಕೂಡಿಬಂದರೆ ಸಾಕು, ಉಳಿದದ್ದು ತಾನಾಗಿ ಕೂರುತ್ತದೆ.

ಚೋಳಿ ಎಲ್ಲಿ ತಗೊಂಡ್ರಿ ಅಂತ ಮರಾಠಿಯಲ್ಲಿ ಕೇಳಿದೆ. ಕೊಂಡಿದ್ದಲ್ಲವಂತೆ, ಓಟಿ ತುಂಬಿದಾಗ ಬಂದಿದ್ದಂತೆ. ನಮ್ಮಲ್ಲಿ ಉಡಿ ತುಂಬುವ ಹಾಗೆ ಇಲ್ಲಿ ಖಣ, ತೆಂಗಿನಕಾಯಿ ಇಟ್ಟು ಓಟಿ ತುಂಬುತ್ತಾರೆ. ತುಳಜಾಪುರದ ಭವಾನಿಗೂ ಅದೇ, ಕೊಲ್ಹಾಪುರದ ಮಹಾಲಕ್ಷ್ಮಿಗೂ ಅದೇ. ಬಾಗಲಕೋಟೆ ಜಿಲ್ಲೆಯ ಒಂದು ಊರಲ್ಲಿ ನೇಯ್ದ ಬಟ್ಟೆ ತಲೆಮಾರುಗಳಿಂದ ಮಹಾರಾಷ್ಟ್ರದ ಹೆಂಗಸರ ಮೈಮೇಲಿದೆ, ಅವರ ದೇವಿಯರ ಮಡಿಲಲ್ಲಿದೆ. ಗುಳೇದಗುಡ್ಡದ ಮಗ್ಗಗಳು ಉಳಿದಿರುವುದರಲ್ಲಿ ಇವರ ಪಾಲು ದೊಡ್ಡದು. ನಮ್ಮ ಊರಿನ ಬಟ್ಟೆಯನ್ನು ಹೊಸದಾಗಿ ಉಡುವುದು ಹೇಗೆ ಅಂತ ನನಗೆ ತೋರಿಸಿದವರು ಕರ್ಜತ್ ಕಡೆಯ ಮಾವಶಿ. ಇದು ನನಗೆ ತುಂಬಾ ಸಂತೋಷದ ವಿಷಯ.

ಆಮೇಲೆ ಕಣ್ಣು ಬೇರೆ ರೀತಿ ನೋಡಲು ಸುರುಮಾಡಿತು. ಏನು ಉಟ್ಟಿದ್ದಾರೆ ಅನ್ನುವುದಕ್ಕಿಂತ ಹೇಗೆ ಉಟ್ಟಿದ್ದಾರೆ, ಯಾಕೆ ಹಾಗೆ ಉಟ್ಟಿದ್ದಾರೆ ಅಂತ. ಬಟ್ಟೆ ಉಟ್ಟುಕೊಂಡು ಮೈಮುರಿದು ಕೆಲಸ ಮಾಡುವವರನ್ನು ನೋಡಬೇಕು. ಅವರ ಮೈಮೇಲೆ ಸುಮ್ನೆ ಇರುವುದು ಏನೂ ಇರುವುದಿಲ್ಲ.

ಸಸೂನ್ ಡಾಕ್‌ಗೆ ಆಫೀಸಿನ ಗೆಳತಿಯ ಜೊತೆ ಹೋಗಿದ್ದೆ. ಕೊಲಾಬಾದಲ್ಲಿ 1875ರಲ್ಲಿ ತೆರೆದ ಹಳೇ ಬಂದರು. ಬೆಳಕು ಹರಿಯುವ ಮುಂಚೆಯೇ ಅಲ್ಲಿ ಜಾತ್ರೆ. ನೆಲವೆಲ್ಲ ನೀರು, ಐಸು, ಮೀನಿನ ಬುಟ್ಟಿ, ನೂಕುನುಗ್ಗಲು. ಅದರ ನಡುವೆ ಮೀನುಗಾರ ಕೋಲಿ ಸಮುದಾಯದ ಹೆಂಗಸರು ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆಯಲ್ಲಿ ಓಡಾಡುತ್ತಾರೆ. ನನ್ನ ಅಜ್ಜಿಯೂ ಹದಿನೆಂಟು ಮೊಳದ ಕಚ್ಚೆ ಸೀರೆ ಉಡುತ್ತಿದ್ದರು. ಆದರೆ ಅವರದು ಹಿಮ್ಮಡಿ ಮುಟ್ಟುತ್ತಿತ್ತು. ಇವರದು ಮೊಣಕಾಲಿನ ಹತ್ತಿರಕ್ಕೇ ನಿಲ್ಲುತ್ತದೆ, ನೀರಿನಲ್ಲಿ ನಿಲ್ಲಬೇಕಲ್ವಾ.

ಒಬ್ಬರು ಸಿಗಡಿ ಸುಲಿಯುತ್ತಾ ಕೂತಿದ್ದರು. ಸೆರಗನ್ನು ಎದೆಯ ಮೇಲಿಂದ ಎಳೆದು, ಬೆನ್ನ ಹಿಂದಿನಿಂದ ತಂದು, ಬಲಗಡೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದರು. ಒಂದೇ ಒಂದು ಪಿನ್ ಇಲ್ಲ. ಎದ್ದರು, ಬುಟ್ಟಿ ಎತ್ತಿದರು, ಬಗ್ಗಿದರು, ಯಾರನ್ನೋ ಗದರಿಸಿದರು. ಸೆರಗು ಅಲ್ಲಾಡಲಿಲ್ಲ. ಕಿವಿಯಲ್ಲಿ ಮಾತ್ರ ದಪ್ಪ ಬಂಗಾರ. ಉಳಿದದ್ದೆಲ್ಲ ಕೆಲಸದ ಬಟ್ಟೆ, ಆ ಒಂದು ಕಡೆ ಮಾತ್ರ ಪೂರ್ತಿ ಸಿರಿ. ಅವತ್ತಿನಿಂದ ನಾನೂ ಆಫೀಸಿಗೆ ಸೀರೆ ಉಟ್ಟರೆ ಸೆರಗು ಹಾಗೇ ಸಿಕ್ಕಿಸುತ್ತೇನೆ. ಕೊರಳು ಖಾಲಿ, ಕೈ ಖಾಲಿ, ಕಿವಿಗೆ ಮಾತ್ರ ದೊಡ್ಡ ಬುಗುಡಿ. ಬ್ಯಾಂಕಿನಲ್ಲಿ ಇಬ್ಬರು ಆಗಲೇ ಕೇಳಿ ಕಲಿತುಕೊಂಡರು.

ಲೋಕಲ್‌ನಲ್ಲಿ ಕಿವಿಯೋಲೆ ಮಾರುವವರ ಬಗ್ಗೆಯೂ ಬರೆಯಬೇಕು, ಇನ್ನೊಂದು ದಿನ. ಅವರು ರಟ್ಟಿನ ಮೇಲೆ ಬಣ್ಣದ ಪ್ರಕಾರ ಜೋಡಿಸುವ ರೀತಿಯೇ ಒಂದು ಪಾಠ.

ಇನ್ನು ಓವಲ್ ಮೈದಾನ. ನನ್ನ ಆಫೀಸು ಫೋರ್ಟ್‌ನಲ್ಲಿ. ಸಂಜೆ ಗಾಡಿಯಲ್ಲಿ ರಶ್ ಜಾಸ್ತಿ ಅನ್ನಿಸಿದರೆ ಮೈದಾನದ ಕಡೆ ಒಂದು ಸುತ್ತು ಹಾಕಿ ಹೋಗುತ್ತೇನೆ. ಪೂರ್ವಕ್ಕೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಟವರ್. ಚೂಪು ಕಮಾನು, ಕಲ್ಲಿನ ಕೆತ್ತನೆ, ಎಲ್ಲವೂ ವಿಕ್ಟೋರಿಯನ್ ಗಾಥಿಕ್. ಪಶ್ಚಿಮಕ್ಕೆ ಆರ್ಟ್ ಡೆಕೋ ಮನೆಗಳ ಸಾಲು. ಸಮುದ್ರ ತುಂಬಿ ಮಾಡಿದ ನೆಲದ ಮೇಲೆ 1930ರ ದಶಕದಲ್ಲಿ ಎದ್ದು ನಿಂತವು. ಎರಡೂ ಬದಿ ಸೇರಿಸಿ, ಮರೀನ್ ಡ್ರೈವ್‌ನವನ್ನೂ ಕೂಡಿಸಿ, ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಫೋಟೋ ತೆಗೆಯುವವರೆಲ್ಲ ಪೂರ್ವಕ್ಕೆ ತಿರುಗಿ ನಿಲ್ಲುತ್ತಾರೆ. ನನಗೆ ಪಶ್ಚಿಮವೇ ಇಷ್ಟ.

ಆ ಮನೆಗಳ ಗೋಡೆ ಕೆನೆ ಬಣ್ಣ, ಇಲ್ಲವೇ ತಿಳಿ ಹಳದಿ. ಮೇಲೆ ಕೆತ್ತನೆಯ ಭಾರ ಇಲ್ಲ. ಕಿಟಕಿಗಳ ಮೇಲೆ ತೆಳ್ಳನೆಯ ಕಾಂಕ್ರೀಟ್ ಸಜ್ಜಾ ಒಂದು ಗೆರೆಯಂತೆ ಹೊರಟು, ಮೂಲೆಯಲ್ಲಿ ದುಂಡಗೆ ಬಾಗಿ, ಮುಂದಿನ ಗೋಡೆಗೂ ಹಾಗೇ ಹೋಗುತ್ತದೆ. ಕೆಲವಕ್ಕೆ ಹಸಿರು, ಕೆಲವಕ್ಕೆ ಇಟ್ಟಿಗೆ ಕೆಂಪು. ಕಟ್ಟಡದ ಅಂದವೆಲ್ಲ ಆ ಗೆರೆಯಲ್ಲೇ ಇದೆ. ಹಾಗಂತ ಅದು ಬರೀ ಅಂದಕ್ಕೆ ಇಲ್ಲ. ಮುಂಬೈ ಬಿಸಿಲು, ಮುಂಬೈ ಮಳೆ ಕಿಟಕಿಯ ಒಳಗೆ ಬರಬಾರದು ಅಂತ ಇಟ್ಟದ್ದು. ಒಂದು ಸಂಜೆ ಅದನ್ನು ನೋಡುತ್ತಾ ನಿಂತಿದ್ದಾಗ ಮಾವಶಿಯ ತೋಳಿನ ಕೆಂಪು ಅಂಚು ನೆನಪಾಯಿತು. ಅದೂ ಹೀಗೇ ಒಂದು ಗೆರೆ. ಬಟ್ಟೆ ಬೇಗ ಸವೆಯುವುದು ತುದಿಯಲ್ಲಿ, ಅಲ್ಲಿ ಗಟ್ಟಿ ಅಂಚು ನಿಂತು ಕಾಯುತ್ತದೆ. ಈ ಗೆರೆ ತೋಳಿನಲ್ಲಿ ಯಾಕೆ ನಿಲ್ಲಬೇಕು? ಮೂಲೆ ತಿರುಗುವ ಸಜ್ಜಾದ ಹಾಗೆ ಬೆನ್ನಿನ ಮೇಲೂ ಹಾಯ್ದು ಆ ಕಡೆ ತೋಳಿಗೆ ಹೋದರೆ? ಹೇಗೂ ನನ್ನ ಹೆಗಲ ಬ್ಯಾಗು ಉಜ್ಜಿ ಉಜ್ಜಿ ಬ್ಲೌಸುಗಳೆಲ್ಲ ಸವೆಯುವುದು ಬೆನ್ನಿನಲ್ಲೇ.

ಇವತ್ತಿನ ಓಡಾಟ ಇದಕ್ಕೇ.

ದಾದರಿನಲ್ಲಿ ಮೊದಲು ಹೂವಿನ ಮಾರ್ಕೆಟ್ ಹೊಕ್ಕೆ. ಮುಂದಿನ ವಾರ ತುಳಸಿ ಹಬ್ಬ, ಕಬ್ಬು ನೆಲ್ಲಿಕಾಯಿ ಆಗಲೇ ಬಂದಿವೆ. ಬಣ್ಣ ಆರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಾರ ಕಟ್ಟುವವರು ಕೆಂಪಿನ ಪಕ್ಕ ನೇರವಾಗಿ ಕೇಸರಿ ಇಡುವುದು ಕಡಿಮೆ, ನಡುವೆ ಒಂದು ಎಲೆ ಬರುತ್ತದೆ. ಒಬ್ಬಾಕೆ ನೇರಳೆ ಆಸ್ಟರ್ ಹೂವಿಗೆ ದವನ ಸೇರಿಸಿ ಕಟ್ಟುತ್ತಿದ್ದಳು. ಕಡು ನೇರಳೆ, ಬೂದು ಹಸಿರು. ಸ್ವಲ್ಪ ಹೊತ್ತು ನಿಂತು ನೋಡಿದೆ, ಒಂದು ಮೊಳ ಕೊಂಡೆ, ಕೈಯಲ್ಲಿ ಹಿಡಿದುಕೊಂಡೇ ಬಟ್ಟೆ ಅಂಗಡಿಗೆ ಹೋದೆ.

ಈಗ ದಾದರಿನ ಅಂಗಡಿಗಳಲ್ಲಿ ಖಣದ್ದೇ ರಾಜ್ಯ. ಖಣದ ಸೀರೆ, ಪರ್ಸು, ತೋರಣ, ದಿಂಬಿನ ಕವರ್. ಪೂರ್ತಿ ಸೀರೆಯೇ ಖಣದ್ದಾದರೆ ನನಗೆ ಅಷ್ಟು ಹಿಡಿಸುವುದಿಲ್ಲ. ಸಣ್ಣ ಬುಟ್ಟಾ ಅಷ್ಟುದ್ದಕ್ಕೆ ಹರಡಿದರೆ ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಅಂಗಡಿಯವನು ಸೀರೆಗಳನ್ನು ಹರವುತ್ತಲೇ ಇದ್ದ. ನಾನು ಕುಬಸದ ಖಣವನ್ನೇ ಕೇಳಿ ತೆಗೆಸಿದೆ. ಹೂವಿನ ಪಕ್ಕ ಹಿಡಿದು ನೋಡಿ ಬದನೆಕಾಯಿ ಬಣ್ಣದ್ದು, ಹಸಿರು ಅಂಚಿನದ್ದು ಆರಿಸಿದೆ.

ಮಾಸ್ತರರು ವಿಜಯಪುರದ ಕಡೆಯವರು. ನನ್ನ ಮಾತು ಕೇಳಿ ಕತ್ತರಿ ಕೆಳಗಿಟ್ಟರು.

“ಅಂಚು ಕತ್ತರಿಸಿ ಬೆನ್ನಿಗಿ ಹಚ್ಚಂದ್ರ ಹೆಂಗ್ರಿ ಅಕ್ಕಾರ? ಖಣದ ಅಂಚು ತೋಳಿಗೇ ಶೋಭಾ.”

“ತೋಳಿಗೂ ಇರಲಿ ಮಾಸ್ತರ. ತೋಳಿನ ಅಂಚು ಎಲ್ಲಿ ಬರತದ, ಅದೇ ಮಟ್ಟಕ್ಕ ಬೆನ್ನ ಮ್ಯಾಲೂ ಒಂದು ಪಟ್ಟಿ ಹಾಯಲಿ.”

ಫೋನಿನಲ್ಲಿ ಓವಲ್ ಮೈದಾನದ ಮನೆಗಳ ಫೋಟೋ ತೋರಿಸಿದೆ. ದೊಡ್ಡದು ಮಾಡಿ ನೋಡಿದರು. “ಕೈ ಇಳಿಬಿಡ್ರಿ” ಅಂದರು. ಟೇಪು ಹಿಡಿದು ಮೊಣಕೈ ಮೇಲಿನಿಂದ ಬೆನ್ನಿಗೆ, ಅಲ್ಲಿಂದ ಆ ಕಡೆ ತೋಳಿಗೆ ಅಳೆದರು. ಕಾಗದದ ಮೇಲೆ ಬೆನ್ನು ಬರೆದರು, ಎರಡು ತೋಳು ಬರೆದರು, ನೀಲಿ ಚಾಕ್‌ನಿಂದ ಅಡ್ಡ ಒಂದು ಗೆರೆ ಎಳೆದರು.

“ಕೈ ಇಳಿಬಿಟ್ಟಾಗ ಸಮ ಬರತದ. ಲೋಕಲ್‌ನ್ಯಾಗ ಹ್ಯಾಂಡಲ್ ಹಿಡದ್ರ ಗೆರಿ ಮುರಿತದ ನೋಡ್ರಿ.”

“ಮುರೀಲಿ ಬಿಡ್ರಿ. ಕೈ ಇಳಿಸಿದ ಕೂಡಲೆ ಮತ್ತ ಕೂಡತದಲ್ಲ.”

ಅವರಿಗೆ ನಗು ಬಂತು, ಒಪ್ಪಿದರು. ಆಮೇಲೆ ಅವರೇ ಹುರುಪಿನಿಂದ ಮುಂದುವರಿಸಿದರು. ಪಟ್ಟಿ ಬರೀ ಮೇಲೆ ಹಚ್ಚಿದರೆ ಮೊದಲ ಸಲ ತೊಳೆದಾಗ ಒಂದು ಕುಗ್ಗಿ, ಇನ್ನೊಂದು ಕುಗ್ಗದೆ ಸುಕ್ಕು ಬೀಳುತ್ತದಂತೆ. ಖಣವನ್ನೂ ಲೈನಿಂಗ್ ಬಟ್ಟೆಯನ್ನೂ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ತರಬೇಕು. ಲೈನಿಂಗ್ ಕಾಟನ್ನೇ ಇರಬೇಕು. ಪಟ್ಟಿ ಕಾಲು ಇಂಚು ಅಗಲ ಕಡಿಮೆ ಮಾಡಿದರೆ ಬೆನ್ನು ಚೊಕ್ಕ ಕಾಣುತ್ತದೆ ಅಂತ ಅವರ ಸಲಹೆ. ಅದನ್ನು ನಾನು ಒಪ್ಪಲಿಲ್ಲ. ತೋಳಿನಲ್ಲಿ ಎಷ್ಟು ಅಗಲವೋ ಬೆನ್ನಲ್ಲೂ ಅಷ್ಟೇ ಬೇಕು, ಇಲ್ಲವಾದರೆ ಅದು ಒಂದೇ ಗೆರೆ ಅನ್ನಿಸುವುದಿಲ್ಲ. “ಪೈಲಾ ಹಂಗಾಮಿ ಹೊಲಿಗಿ ಹಾಕಿ ತೋರಸ್ತೀನಿ, ಆಮ್ಯಾಲ ಮಾತಾಡೋಣ್ರಿ” ಅಂದರು. ಅದೂ ನ್ಯಾಯವೇ.

ಇದಕ್ಕೆ ಇಳಕಲ್ ಉಡುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ. ದೊಡ್ಡ ಹೂವಿನ ಕಾಟನ್ ಪ್ರಿಂಟ್ ಬೇಕು. ಹೂವಿನಲ್ಲಿ ಎಲ್ಲಾದರೂ ಅದೇ ಹಸಿರು ಇರಬೇಕು. ಪಕ್ಕದ ಮನೆಯ ಕಾಕು ಹತ್ತಿರ ಅಂಥ ಸೀರೆಗಳ ರಾಶಿಯೇ ಇದೆ. ನಾಳೆ ಮಧ್ಯಾಹ್ನ ಕಪಾಟು ತೆಗೆದು ತೋರಿಸುತ್ತೇನೆ, ಖಣ ಒಣಗಿದ್ದರೆ ತಗೊಂಡೇ ಬಾ ಅಂದಿದ್ದಾರೆ. ಸೋಮವಾರ ಆಫೀಸು ಮುಗಿಸಿ ಬರುವಾಗ ದಾದರಿನಲ್ಲಿ ಇಳಿದು ಮಾಸ್ತರರಿಗೆ ಕೊಟ್ಟು ಬರಬೇಕು. ಎಂಟಕ್ಕೆ ಅಂಗಡಿ ಮುಚ್ಚುತ್ತಾರೆ.