ಹತ್ತು ಗಂಟೆಗೆ ಇನ್ನೂ ಎರಡು ಹಾಡು ಬಾಕಿ

2025 ಫೆಬ್ರವರಿ 10, ಸೋಮವಾರ ರಾತ್ರಿ
ಹನುಮಂತನಗರ

ಬೆಳಗ್ಗೆ ಏಳುವಷ್ಟರಲ್ಲಿ ಒಂದೇ ವಿಡಿಯೋವನ್ನು 14 ಜನ ಕಳಿಸಿದ್ದರು. ನಿನ್ನೆ ಚರ್ಚ್ ಸ್ಟ್ರೀಟ್‌ನಲ್ಲಿ ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ಗಿಟಾರ್ ಹಿಡಿದು ಹಾಡ್ತಾ ನಿಂತಿದ್ದಾನೆ. ಸುತ್ತ ಜನ. ಪೊಲೀಸಿನವರು ಬಂದು ವೈರ್ ಕಿತ್ತರು. ಹಾಡು ಅಲ್ಲಿಗೇ ನಿಂತಿತು. ಅನುಮತಿ ಇತ್ತು ಅಂತ ಅವನು, ಕೊಟ್ಟಿರಲಿಲ್ಲ ಅಂತ ಇವರು. ಇಡೀ ಊರು ಈಗ ಎರಡು ಪಾರ್ಟಿ.

ಅಪ್ಪ ಕಾಫಿ ಲೋಟ ಹಿಡಿದುಕೊಂಡೇ ನನ್ನ ಫೋನಿಗೆ ಬಗ್ಗಿ ನೋಡಿದರು. ಎರಡು ಸಲ ನೋಡಿದರು.

"ಮ್ಯೂಟ್ ಮಾಡ್ದೆ ಕಿತ್ತಿದ್ದಾರಲ್ಲೋ," ಅಂದರು. "ಸ್ಪೀಕರ್ ಏನಾಗ್ಬೇಕು?"

ಅವರ ಚಿಂತೆ ಅದು. ನಿಜ ಹೇಳಬೇಕಂದ್ರೆ ನನ್ನದೂ ಅದೇ. ಆನ್ ಇರೋ ಲೈನನ್ನು ಎಳೆದರೆ 'ಢಪ್' ಅಂತ ಒಂದು ಏಟು ಬೀಳುತ್ತೆ. ದಿನ ಕೆಟ್ಟದಾಗಿದ್ರೆ ಟ್ವೀಟರ್, ಅಂದ್ರೆ ಸ್ಪೀಕರಿನಲ್ಲಿ ಕೀರಲು ದನಿ ಹೊರಡಿಸೋ ಭಾಗ, ಸುಟ್ಟು ಹೋಗುತ್ತೆ. ಅಪ್ಪ ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಗಣೇಶನ ಹಬ್ಬ, ಅಣ್ಣಮ್ಮ, ರಾಜ್ಯೋತ್ಸವದ ಆರ್ಕೆಸ್ಟ್ರಾ, ಮದುವೆ. ನಾನು ಆರನೇ ಕ್ಲಾಸಲ್ಲಿದ್ದಾಗ ಕಲಿಸಿದ ಮೊದಲ ಪಾಠ: ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ನಡುವೆ ಯಾರು ಕೂಗಾಡಿದರೂ ಈ ಕ್ರಮ ತಪ್ಪಬಾರದು. ಸ್ಟೇಷನ್ನಿನಿಂದ ಬಂದವರು ಕೂಗಾಡಿದರೂ ಅಷ್ಟೇ.

ಸೋಮವಾರ ನನಗೆ ರಜೆ. ಊರಿಗೆಲ್ಲ ಕೆಲಸದ ದಿನ, ಸೌಂಡ್‌ನವರಿಗೆ ಕೇಬಲ್ ರಿಪೇರಿ ದಿನ. ಹೋದ ವಾರದ್ದೆಲ್ಲ ಹಾಲ್‌ನಲ್ಲಿ ರಾಶಿ ಹಾಕಿಕೊಂಡು ಕೂತೆ. ಮೈಕಿಗೆ ಸಿಕ್ಕಿಸೋ ಎಕ್ಸ್‌ಎಲ್‌ಆರ್ ಕೇಬಲ್ ಹನ್ನೊಂದು ಸತ್ತಿದ್ದವು. ಹತ್ತರಲ್ಲಿ ಒಂದೇ ಕಾಯಿಲೆ. ಕನೆಕ್ಟರಿನ ಕತ್ತಿನ ಹತ್ತಿರ, ವೈರ್ ಒಳಗೆ ಹೋಗೋ ಜಾಗದಲ್ಲೇ, ಒಳಗಿನ ಎಳೆ ತುಂಡಾಗಿರುತ್ತೆ. ಹೊರಗಿಂದ ಏನೂ ಕಾಣಲ್ಲ. ಹಾಡುವವರು ಮೈಕ್ ಕೈಗೆ ತಗೊಂಡು ಎರಡು ಹೆಜ್ಜೆ ಮುಂದೆ ಬಂದಾಗ ಮಾತ್ರ 'ಕರಕರ' ಅನ್ನುತ್ತೆ. ಶೋ ಮುಗಿದ ಮೇಲೆ ಕೇಬಲನ್ನು ಮೊಣಕೈಗೆ ಬಿಗಿಯಾಗಿ ಸುತ್ತಿ ಬಿಸಾಡುವವರ ಪಾಪ ಇದು. ಎರಡಿಂಚು ಕತ್ತರಿಸಿ, ಮೂರು ಎಳೆ ಬಿಡಿಸಿ, ಶೀಲ್ಡ್ (ಹೊರಗಿನ ಬರಿ ತಂತಿ) ಒಂದನೇ ಪಿನ್ನಿಗೆ, ಕೆಂಪು ಎರಡಕ್ಕೆ, ಇನ್ನೊಂದು ಮೂರಕ್ಕೆ. ಸಾಲ್ಡರ್ ಹೊಳೀಬೇಕು. ಬೂದು ಬಣ್ಣಕ್ಕೆ ತಿರುಗಿ ಮಂಕಾಗಿದ್ರೆ ಅದು ಕೂತಿಲ್ಲ ಅಂತ ಅರ್ಥ, ಮತ್ತೆ ಮಾಡಬೇಕು. ಇದು ಬಿಟ್ಟು ಬೇರೆ ಯಾವ ಕೆಲಸದಲ್ಲೂ ನನಗೆ ಇಷ್ಟು ತಾಳ್ಮೆ ಇಲ್ಲ.

ಕೈ ಅದರ ಪಾಡಿಗೆ ನಡೀತಿರುವಾಗ ತಲೆಯಲ್ಲಿ ಈ ವಾರದ ಲೆಕ್ಕ ಓಡುತ್ತಿತ್ತು. ನಾಲ್ಕು ದಿನ, ನಾಲ್ಕು ಜಾಗ.

ಗುರುವಾರ ಜಯನಗರದ ಒಂದು ಕೆಫೆ. ಇಬ್ಬರು ಹಾಡೋರು, ಒಂದು ಅಕೂಸ್ಟಿಕ್ ಗಿಟಾರ್, ಒಂದು ಕಹೋನ್ (ಮೇಲೆ ಕೂತು ಬಡಿಯೋ ಮರದ ಪೆಟ್ಟಿಗೆ). ಎರಡು ಸ್ಪೀಕರ್, ಸಣ್ಣ ಮಿಕ್ಸರ್, ಸ್ಕೂಟರಲ್ಲೇ ಹೋಗಬಹುದು. ಅಲ್ಲಿ ನನ್ನ ದೊಡ್ಡ ಶತ್ರು ಕಾಫಿ ಮೆಷೀನು. ಹಾಡಿನ ಅತಿ ನಿಧಾನದ ಜಾಗದಲ್ಲೇ ಯಾರಿಗೋ ಕ್ಯಾಪುಚಿನೋ ಬೇಕಾಗಿರುತ್ತೆ.

ಶುಕ್ರವಾರ ಫೆಬ್ರವರಿ 14. ಹೇಳೋದೇ ಬೇಡ. ಕೋರಮಂಗಲದ ಪಬ್ಬು, ಕವರ್ ಬ್ಯಾಂಡು, ಮೂರು ಗಂಟೆ ಬರೀ ಪ್ರೇಮಗೀತೆ. ದುಡ್ಡು ಮಾತ್ರ ಸರಿಯಾಗಿ, ಮೊದಲೇ ಬರುತ್ತೆ. ಈ ಊರಲ್ಲಿ ಬೇರೆಯವರ ಹಾಡು ಹಾಡಿದರೆ ಬಾಡಿಗೆ ಕಟ್ಟಬಹುದು, ಸ್ವಂತದ್ದು ಹಾಡಿದರೆ ಆಟೋದವನಿಗೆ ಕೊಡಬಹುದು. ನಾನು ಹೊಟ್ಟೆ ಉರಿದುಕೊಂಡು ಹೇಳ್ತಿಲ್ಲ, ಶುಕ್ರವಾರ ನಂದೂ ಅದರಲ್ಲೇ ನಡೆಯೋದು. ಮ್ಯಾನೇಜರ್ ಮಧ್ಯಾಹ್ನ ಫೋನ್ ಮಾಡಿ ಇನ್ನೊಂದು ವಿಷಯ ಸೇರಿಸಿದ. ಅವತ್ತೇ ಮಹಿಳಾ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್‌ನ ಮೊದಲ ಮ್ಯಾಚು. ಹೋದ ವರ್ಷದ ಚಾಂಪಿಯನ್ನರು ನಮ್ಮ ಆರ್‌ಸಿಬಿ ಹುಡುಗೀರು, ಎದುರು ಗುಜರಾತ್. ಸ್ಕ್ರೀನ್ ಇರುತ್ತೆ, ಮ್ಯಾಚ್ ನಡೀವಾಗ ಬ್ಯಾಂಡ್ "ಸ್ವಲ್ಪ ಮೆಲ್ಲಗೆ" ಇರಲಿ ಅಂತೆ. ಡ್ರಮ್ಸ್‌ಗೆ ವಾಲ್ಯೂಮ್ ಗುಂಡಿ ಎಲ್ಲಿದೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ.

ಶನಿವಾರ ಇದೆಯಲ್ಲ, ಅದೇ ನನ್ನ ತಲೆನೋವು. ಅದೇ ನಾನು ಕಾಯ್ತಿರೋ ದಿನಾನೂ ಹೌದು.

ಇಂದಿರಾನಗರದಲ್ಲಿ ಒಂದು ಟೆರೇಸ್. ಮೂರು ಬ್ಯಾಂಡು, ಮೂವರದ್ದೂ ಸ್ವಂತ ಹಾಡು. ಟಿಕೆಟ್ 499. ಎಲ್ಲ ಕಡೆ ಯಾಕೆ 499 ಅಂದ್ರೆ, ಸಂಗೀತ ಕಾರ್ಯಕ್ರಮದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. ದಾಟಿತೋ, ತೆರಿಗೆ ಸೇರಿ ಹುಡುಗರು ಬರೋದೇ ಬಿಡ್ತಾರೆ. 80 ಜನ ಬಂದರು ಅಂತಿಟ್ಕೊಳ್ಳಿ, 40 ಸಾವಿರಕ್ಕೆ 80 ರೂಪಾಯಿ ಕಮ್ಮಿ. ಅದರಲ್ಲಿ ಟಿಕೆಟ್ ಆ್ಯಪ್‌ನವರದ್ದು, ಜಾಗದವರದ್ದು, ನನ್ನದು ಕಳೆದು ಉಳಿದದ್ದು ಮೂರು ಬ್ಯಾಂಡಿನ ಹನ್ನೆರಡು ಜನಕ್ಕೆ. ಮುಂದಿನದು ನೀವೇ ಭಾಗಿಸಿಕೊಳ್ಳಿ.

ಟೆರೇಸ್ ಅಂದ ಮೇಲೆ ಹತ್ತು ಗಂಟೆ. ಮುಚ್ಚಿದ ಹಾಲ್ ಒಳಗಾದರೆ ಮಾತು ಬೇರೆ. ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಇಲ್ಲ, ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಹಬ್ಬಗಳಿಗೆ ಸರ್ಕಾರ ಹನ್ನೆರಡರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ರಾಕ್ ಬ್ಯಾಂಡು ಯಾವ ಹಬ್ಬದ ಲೆಕ್ಕಕ್ಕೂ ಬರಲ್ಲ. ನಾನು ನಿಯಮದ ವಿರೋಧಿ ಅಲ್ಲ. ಪಕ್ಕದ ಮನೆಯಲ್ಲಿ ವಯಸ್ಸಾದವರಿರ್ತಾರೆ, ಪರೀಕ್ಷೆಗೆ ಓದೋ ಮಕ್ಕಳಿರ್ತಾರೆ. (ಯಲಹಂಕದಲ್ಲಿ ಇವತ್ತಿಂದ ಏರೋ ಇಂಡಿಯಾ ಶುರುವಾಗಿದೆ. ಆ ಯುದ್ಧವಿಮಾನಗಳ ಹಿಂದೆ ಡೆಸಿಬಲ್ ಮೀಟರ್ ಹಿಡ್ಕೊಂಡು ಯಾರು ಓಡ್ತಾರೋ ಗೊತ್ತಿಲ್ಲ.)

ತೊಂದರೆ ಇರೋದು ನಮ್ಮ ಗಡಿಯಾರದಲ್ಲಿ. ಪೋಸ್ಟರಿನ ಮೇಲೆ ಆರೂವರೆ ಅಂತ ಇರುತ್ತೆ. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ವಾ, ಏಳೂವರೆಗೆ ಇಪ್ಪತ್ತು ಜನ. ಇನ್ನೊಂದು ಹದಿನೈದು ನಿಮಿಷ ನೋಡೋಣ ಅಂತಾರೆ ಜಾಗದವರು, ಬಾರ್ ನಡೀಬೇಕಲ್ಲ. ಮೊದಲ ಬ್ಯಾಂಡ್ 7:45ಕ್ಕೆ. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತೋಕೆ ಇಪ್ಪತ್ತು ನಿಮಿಷ ಬೇಕು. ಡ್ರಮ್ ಕಿಟ್ ಒಂದೇ ಆದರೂ ಡ್ರಮ್ಮರ್ ತನ್ನ ಸ್ನೇರ್, ಸಿಂಬಲ್, ಪೆಡಲ್ ತರ್ತಾನೆ. ಗಿಟಾರಿನವರ ಪೆಡಲ್ ಬೋರ್ಡುಗಳಿಗೆ ಪವರ್ ಬೇಕು. ಎಷ್ಟು ಹಿಂಡಿದರೂ ಕೊನೆಯವರು ಹತ್ತುವಾಗ 9:25. ಅವರೇ ಅವತ್ತಿನ ದೊಡ್ಡ ಹೆಸರು, ಜನ ಬಂದಿರೋದೇ ಅವರಿಗೆ. 35 ನಿಮಿಷ. ಹತ್ತು ಗಂಟೆಗೆ ಇನ್ನೂ ಎರಡು ಹಾಡು ಬಾಕಿ ಇರುತ್ತೆ, ಯಾವಾಗಲೂ. ಅದರಲ್ಲಿ ಒಂದು ಎಲ್ಲರಿಗೂ ಬಾಯಿಗೆ ಬರೋ ಹಾಡೇ ಆಗಿರುತ್ತೆ.

ಆಗ ಫೇಡರ್, ಅಂದ್ರೆ ಮಿಕ್ಸರಿನ ಮೇಲೆ ದನಿ ಏರಿಸಿ ಇಳಿಸೋ ಗುಂಡಿ, ಇಳಿಸಬೇಕಾದವನು ನಾನು. ಚರ್ಚ್ ಸ್ಟ್ರೀಟಿನ ವಿಡಿಯೋ ನೋಡಿ ಎಲ್ಲರೂ ವೈರ್ ಕಿತ್ತ ಕೈಯನ್ನು ಬೈತಿದ್ದಾರೆ. ನಾನು ಆ ಕೈಯನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದೆ. ತಿಂಗಳಿಗೆ ಎರಡು ಮೂರು ಸಲ ನಾನೂ ಅದನ್ನೇ ಮಾಡ್ತೀನಲ್ಲ, ನಿಧಾನಕ್ಕೆ ಇಳಿಸ್ತೀನಿ ಅನ್ನೋದೊಂದೇ ವ್ಯತ್ಯಾಸ. ಎಡ್ ಶೀರನ್‌ಗೆ ಶನಿವಾರ, ಭಾನುವಾರ ಎರಡೂ ದಿನ ನೈಸ್ ಗ್ರೌಂಡ್ಸ್‌ನಲ್ಲಿ ಪೂರ್ತಿ ಕಛೇರಿ ಇತ್ತು. ಟೆರೇಸ್ ಮೇಲಿನ ಹುಡುಗರಿಗೆ ಆ 35 ನಿಮಿಷ ಬಿಟ್ಟರೆ ಆ ತಿಂಗಳಲ್ಲಿ ಬೇರೆ ಏನೂ ಇರಲ್ಲ. ಅವರ ವಿಡಿಯೋ ಯಾರೂ ನನಗೆ ಕಳಿಸಲ್ಲ.

2018ರಲ್ಲಂತೂ ಇಳಿಸೋಕೆ ಫೇಡರೂ ಇರಲಿಲ್ಲ. ಲೈವ್ ಮ್ಯೂಸಿಕ್‌ಗೆ ಪೊಲೀಸ್ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ವರ್ಷ ಅದು. ಊರಿನ ಎಷ್ಟೋ ಪಬ್ಬುಗಳಲ್ಲಿ ಬ್ಯಾಂಡುಗಳು ಬಾಯಿ ಮುಚ್ಚಿದವು. ನಾನು ಆಗ ಅಪ್ಪನ ಹಳೇ ಅಹುಜಾ ಹಾರ್ನ್‌ಗಳನ್ನು ಇಳಿಸಿ, ಒರೆಸಿ, ಗೃಹಪ್ರವೇಶಗಳಿಗೆ ಹೋಗ್ತಿದ್ದೆ. ಅಪ್ಪ ಒಳಗೊಳಗೇ ಖುಷಿಯಾಗಿದ್ದರು ಅಂತ ನನ್ನ ಗುಮಾನಿ. ಮಾರನೇ ವರ್ಷ ಬ್ಯಾಂಡುಗಳು ನುಡಿಸ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ ಪಬ್ಬು ಕೂಡ ಮುಚ್ಚಿತು. 2013ರಿಂದ ಆರು ವರ್ಷ ಇತ್ತು, ಅಷ್ಟೇ. ಆ ಮೆಟ್ಟಿಲುಗಳಲ್ಲಿ ನಾನು ಹೊತ್ತ ಮಾನಿಟರ್‌ಗಳ (ಹಾಡೋರ ಕಡೆ ತಿರುಗಿಸಿ ಇಡೋ ಸ್ಪೀಕರ್) ನೆನಪು ಸೊಂಟಕ್ಕೆ ಇನ್ನೂ ಇದೆ.

ಆದರೂ ಈ ಊರು ಬಿಡಲ್ಲ. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡು, ಅದೇ ವರ್ಷ ಸ್ವಾತಂತ್ರ್ಯ ದಿನದ ನೆಪದಲ್ಲಿ ಶುರುವಾದ ಫ್ರೀಡಂ ಜ್ಯಾಮ್ ಸಂಗೀತ ಮೇಳ, ಎರಡು ವರ್ಷ ಬಿಟ್ಟು ಹುಟ್ಟಿದ ಮೆಟಲ್ ಬ್ಯಾಂಡು (ಅಬ್ಬರದ ರಾಕ್) ಕ್ರಿಪ್ಟೋಸ್. ಆ ಕ್ರಿಪ್ಟೋಸ್‌ನವರು 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಜಾತ್ರೆಗೇ ಹೋಗಿ ನುಡಿಸಿ ಬಂದರು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡ್ ನುಡಿಸಿದಾಗ ನಾನೂ ಆ ಜನಸಾಗರದಲ್ಲಿ ಒಬ್ಬ. ಮನೆಗೆ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ: "ಎಷ್ಟು ಕಂಬಕ್ಕೆ ಎಷ್ಟು ಬಾಕ್ಸ್ ಹಾಕಿದ್ರು?"

ಭಾನುವಾರದ್ದು ಮೆಟಲ್. ಮಧ್ಯಾಹ್ನ ನಾಲ್ಕಕ್ಕೆ, ವೈಟ್‌ಫೀಲ್ಡ್ ಕಡೆ, ಮುಚ್ಚಿದ ಹಾಲ್. ನನಗೆ ಅದರ ಯೋಚನೆ ಇಲ್ಲ. ಮೆಟಲ್ ಬ್ಯಾಂಡಿನವರು ನೋಡೋಕೆ ಭಯಂಕರ, ಆದರೆ ಹೇಳಿದ ಟೈಮಿಗೆ ಬರ್ತಾರೆ. ಇನ್‌ಪುಟ್ ಲಿಸ್ಟ್ (ಯಾವ ಯಾವ ಮೈಕು, ವಾದ್ಯ ಮಿಕ್ಸರಿಗೆ ಬರುತ್ತೆ ಅನ್ನೋ ಪಟ್ಟಿ) ಮೂರು ದಿನ ಮೊದಲೇ ಮೇಲ್ ಮಾಡಿರ್ತಾರೆ. ಕೇಳೋರೂ ಹಾಗೇ. ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ಕುಣೀತಾರೆ, ಒಬ್ಬ ಬಿದ್ದರೆ ನಾಲ್ಕು ಜನ ಎತ್ತಿ ನಿಲ್ಲಿಸಿ "ಸಾರಿ ಬ್ರೋ" ಅಂತಾರೆ. ಟೀ ಶರ್ಟ್ ಕೊಂಡುಕೊಳ್ಳೋರೂ ಅವರೇ. ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೋ ಇದೆ, ಆದರೆ ನಿನ್ನೆಯಿಂದ ದರ ಏರಿ ಗರಿಷ್ಠ 60 ಇದ್ದದ್ದು 90 ಆಗಿದೆ. 499ರ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು ಈಗ.

ಸಂಜೆ ಶನಿವಾರದ ಒಂದು ಬ್ಯಾಂಡಿನ ಡ್ರಮ್ಮರ್ ಫೋನ್ ಮಾಡಿದ. ಮೈಸೂರಿನ ನಾಲ್ಕು ಹುಡುಗರು, ಕನ್ನಡದಲ್ಲಿ ಬರೆದು ಹಾಡ್ತಾರೆ. ಬೆಂಗಳೂರಲ್ಲಿ ಇದು ಅವರ ಮೊದಲ ಶೋ.

"ಅಣ್ಣಾ, ಸ್ಟೇಜ್ ಪ್ಲಾಟ್ ಕಳ್ಸಿ ಅಂದ್ರಲ್ಲಾ, ಅಂದ್ರೇನಣ್ಣಾ?"

ಯಾರು ಎಲ್ಲಿ ನಿಲ್ತೀರ, ಯಾರಿಗೆ ಎಷ್ಟು ಮೈಕು, ಒಂದು ಹಾಳೇಲಿ ಬರೆದು ಫೋಟೋ ಹೊಡೆದು ಕಳ್ಸಿ ಅಂದೆ. ಹತ್ತು ನಿಮಿಷಕ್ಕೆ ಬಂತು. ಲೆಕ್ಕದ ನೋಟ್‌ಬುಕ್ಕಿನ ಚೌಕುಳಿ ಹಾಳೆ. ನಾಲ್ಕು ಬೊಂಬೆ. ಬೇಸ್ ಹುಡುಗನಿಗೆ ಕನ್ನಡಕ ಕೂಡ ಬರೆದಿದ್ದರು. ಪಕ್ಕದಲ್ಲಿ "ಇಲ್ಲಿ ತಮಟೆ (ಒಂದೇ ಹಾಡಿಗೆ)".

ತಮಟೆ! ಅಪ್ಪನಿಗೆ ತೋರಿಸಿದೆ. ಅಣ್ಣಮ್ಮನ ಉತ್ಸವದಲ್ಲಿ ಅದಕ್ಕೆ ಮೈಕೇ ಇಡ್ತಿರಲಿಲ್ಲ, ಇಟ್ಟರೆ ಹಾಡೋರ ದನಿಯೇ ಮುಳುಗೋದು ಅಂದರು. ಆಮೇಲೆ ಸ್ವಲ್ಪ ಹೊತ್ತು ಆ ಬೊಂಬೆಗಳನ್ನೇ ನೋಡಿ, "ಬಿಸಿಲಿಗೆ ಕಾಯಿಸ್ಕೊಂಡು ಬರೋಕೆ ಹೇಳು, ರಾತ್ರಿ ಟೆರೇಸ್ ಮೇಲೆ ಚರ್ಮ ಇಳಿಯುತ್ತೆ" ಅಂದರು. ಅದನ್ನು ಹಾಗೇ ಮೆಸೇಜ್ ಮಾಡಿದೆ.

ಈ ಹುಡುಗರನ್ನು ಎರಡನೆಯವರಾಗಿ ಹಾಕಿಸಿದ್ದೀನಿ. ಮೊದಲಿಗೆ ಹಾಕಿದರೆ ಖಾಲಿ ಕುರ್ಚಿಗಳಿಗೆ ಹಾಡಬೇಕು, ಕೊನೆಗೆ ಹಾಕಿದರೆ ಹತ್ತರ ಗಂಟೆ ಹೊಡೆಯುತ್ತೆ. ನಡುವೆ ಇದ್ದರೆ ಜನಾನೂ ಇರ್ತಾರೆ, ಮುಗಿಸಿ ಊಟ ಮಾಡಿ ಸ್ಯಾಟಲೈಟ್ ಬಸ್ ಸ್ಟ್ಯಾಂಡ್‌ಗೆ ಹೋಗಿ ಮೈಸೂರು ಬಸ್ಸು ಹತ್ತಬಹುದು. ಉಳಿದಿಬ್ಬರಿಗೆ ಇದಕ್ಕೆ ಕಾರಣ ಹೇಳಿಲ್ಲ. ಕೇಳಿದರೆ ತಮಟೆ ಕಾವು ಆರುತ್ತೆ ಅಂತೀನಿ.

ರಾತ್ರಿ ಒಂಬತ್ತಕ್ಕೆ ಹತ್ತು ಕೇಬಲ್ ಎದ್ದು ಕೂತವು. ಒಂದನ್ನು ಬಿಸಾಡಿದೆ, ಅದಕ್ಕೆ ನಾಳೆ ಎಸ್.ಪಿ. ರೋಡಿಗೆ ಹೋಗಿ ಹೊಸದು ತರಬೇಕು. ಕೊನೇ ಕೇಬಲ್ ಟೆಸ್ಟ್ ಮಾಡೋಕೆ ಸಣ್ಣ ಸ್ಪೀಕರಿಗೆ ಸಿಕ್ಕಿಸಿ ಮೈಕ್ ಅಪ್ಪನ ಕೈಗೆ ಕೊಟ್ಟೆ. ಗಂಟಲು ಸರಿ ಮಾಡಿಕೊಂಡರು.

"ಹಲೋ, ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ. ಭಕ್ತಾದಿಗಳು ಸಾಲಾಗಿ ಬಂದು ಪ್ರಸಾದ ಸ್ವೀಕರಿಸಬೇಕಾಗಿ ವಿನಂತಿ."

ಅಡುಗೆಮನೆಯಿಂದ ಅಮ್ಮ, "ಸಾಕು ಆಫ್ ಮಾಡ್ರೀ, ಮೇಲಿನ ಮನೆಯವರು ಮಲಗಿದ್ದಾರೆ" ಅಂದಳು. ಅಪ್ಪ ಮೊದಲು ಸ್ಪೀಕರ್ ಆಫ್ ಮಾಡಿದರು, ಆಮೇಲೆ ಮಿಕ್ಸರ್.

ಇದನ್ನು ಬರೀವಾಗ ಮೈಸೂರಿನಿಂದ ಇನ್ನೊಂದು ಮೆಸೇಜ್: "ಅಣ್ಣಾ, 30 ನಿಮಿಷ ಅಂದ್ರಲ್ಲಾ. 8 ಹಾಡು ಇದೆ. ತಮಟೆದು ಕೊನೇಲಿ ಇಟ್ಟಿದ್ದೀವಿ. ಆಗುತ್ತಲ್ಲಾ?"

ತಮಟೆದು ಮೂರನೇದಾಗಿ ಇಟ್ಕೊಳ್ಳಿ ಅಂತ ಕಳಿಸಿದೆ.