ಸಂಬಳದ ಗಂಟೆ, ದುಡಿಮೆಯ ಗಂಟೆ

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ ಮೇಲೆ, ಬೆಂಗಳೂರಿನ ಸ್ನೇಹಿತರೊಡನೆ ಕೆಲಸದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಅಮೆರಿಕದ ವೃತ್ತಿಪರ ಸೇವಾ ವಲಯದಲ್ಲಿ ವಾರದ ಸರಾಸರಿ ದುಡಿಮೆ ಮೂವತ್ತಾರು, ಮೂವತ್ತೇಳು ಗಂಟೆಯ ಆಸುಪಾಸಿನಲ್ಲೇ ಇದೆಯಲ್ಲ, ಹಾಗಾದರೆ ಅಲ್ಲಿಯವರು ನಮಗಿಂತ ಸುಖಿಗಳೇ? ನ್ಯೂಜೆರ್ಸಿಯಲ್ಲಿ ಇಂತಹದೇ ವಲಯದ ಕಂಪನಿಯೊಂದರ ಸಂಬಳದ ಲೆಕ್ಕ ನೋಡಿಕೊಳ್ಳುವ ನನಗೆ, ಈ ಅಂಕಿಯಿಂದ ಆ ತೀರ್ಮಾನಕ್ಕೆ ಬರುವುದು ಸಾಧ್ಯವಿಲ್ಲ ಎಂದು ಅನ್ನಿಸುತ್ತದೆ.

ಈ ಸರಾಸರಿಯನ್ನು ಪ್ರತಿ ತಿಂಗಳೂ ರಾಜ್ಯವಾರು ಪ್ರಕಟಿಸುವುದು ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಸಂಸ್ಥೆಯಾದ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್. ಅದು ಕೇಳುವುದು ಕೆಲಸಗಾರರನ್ನಲ್ಲ, ಕಂಪನಿಗಳನ್ನು. ತಿಂಗಳ 12ನೆಯ ತಾರೀಖು ಯಾವ ಸಂಬಳದ ಅವಧಿಯೊಳಗೆ ಬೀಳುತ್ತದೆಯೋ ಆ ಅವಧಿಯಲ್ಲಿ ಎಷ್ಟು ಜನರಿಗೆ, ಎಷ್ಟು ಗಂಟೆಗಳಿಗೆ ಸಂಬಳ ಕೊಡಲಾಯಿತು ಎಂಬುದಷ್ಟೇ ಅದಕ್ಕೆ ಬೇಕು. ಹೀಗಾಗಿ ಸಂಬಳಸಹಿತ ರಜೆಯಲ್ಲಿ ಮನೆಯಲ್ಲಿದ್ದವರ ಗಂಟೆಗಳು ಲೆಕ್ಕಕ್ಕೆ ಸೇರುತ್ತವೆ. ಸಂಬಳವಿಲ್ಲದೆ ರಾತ್ರಿ ಕುಳಿತು ಮುಗಿಸಿದ ಕೆಲಸ ಸೇರುವುದಿಲ್ಲ. ಎಣಿಕೆಯಾಗುವುದು ಹುದ್ದೆಗಳಾದ್ದರಿಂದ, ಎರಡು ಕಡೆ ದುಡಿಯುವವರು ಎರಡು ಸಲ ಎಣಿಕೆಯಾಗಿ, ಅವರ ಒಂದು ದೀರ್ಘ ವಾರ ಎರಡು ಚಿಕ್ಕ ವಾರಗಳಾಗಿ ಕಾಣುತ್ತದೆ.

ತೊಡಕು ಹೆಚ್ಚಿರುವುದು ಮಾಸಿಕ ಸಂಬಳದ ವೃತ್ತಿಪರರಲ್ಲಿ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು; ಆದರೆ ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರುಗಳು, ಬಹುಪಾಲು ಸಾಫ್ಟ್‌ವೇರ್ ಉದ್ಯೋಗಿಗಳು ಈ ನಿಯಮದಿಂದ ಹೊರಗುಳಿಯುತ್ತಾರೆ, ಮತ್ತು ಅವರ ಗಂಟೆಗಳ ದಾಖಲೆಯನ್ನು ಇಡಬೇಕೆಂಬ ಕಡ್ಡಾಯವೂ ಮಾಲೀಕರಿಗಿಲ್ಲ. ದಾಖಲೆ ಇಲ್ಲದ ಕಡೆ ವರದಿಗೆ ಹೋಗುವುದು ನಿಗದಿತ ವಾರ, ಅಂದರೆ ಸಾಮಾನ್ಯವಾಗಿ 40. ತೆರಿಗೆ ಸಲ್ಲಿಕೆಯ ಏಪ್ರಿಲ್‌ನಲ್ಲಿ ಲೆಕ್ಕಪರಿಶೋಧಕರು ಅರವತ್ತು ಗಂಟೆ ದುಡಿದರೂ ಅಂಕಿ ಅಲುಗುವುದಿಲ್ಲ. ಕನ್ಸಲ್ಟೆನ್ಸಿಗಳ ಮೂಲಕ ಇಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಟೈಮ್‌ಶೀಟ್ ಇದೆ, ನಿಜ. ಆದರೆ ಗ್ರಾಹಕ ಕಂಪನಿ 40 ಗಂಟೆಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರೆ ಅದರಲ್ಲಿ ತುಂಬುವುದೂ 40 ಮಾತ್ರ. ಬೇಸಿಗೆಯಲ್ಲಿ ಇಲ್ಲಿಯ ರಾತ್ರಿ ಹತ್ತು ಎಂದರೆ ಬೆಂಗಳೂರಿನ ಬೆಳಗಿನ ಏಳೂವರೆ. ಆ ಹೊತ್ತಿನ ಕರೆಗಳಿಗೆ ಟೈಮ್‌ಶೀಟಿನಲ್ಲಿ ಅಂಕಣವೇ ಇರುವುದಿಲ್ಲ.

ಹಾಗಾದರೆ ಸರಾಸರಿ ನಲವತ್ತಕ್ಕಿಂತ ಕೆಳಗೇಕೆ? ಈ ವಲಯದ ಪೂರ್ಣ ಹೆಸರು ವೃತ್ತಿಪರ ಮತ್ತು ವಾಣಿಜ್ಯ ಸೇವೆಗಳು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕಾನೂನು, ಲೆಕ್ಕಪತ್ರ, ಕಂಪ್ಯೂಟರ್ ಸೇವೆಗಳ ಜೊತೆಗೆ ಕಂಪನಿಗಳ ಆಡಳಿತ ಕಚೇರಿಗಳೂ, ತಾತ್ಕಾಲಿಕ ನೌಕರರನ್ನು ಒದಗಿಸುವ ಏಜೆನ್ಸಿಗಳೂ, ಕಟ್ಟಡ ಶುಚಿಗೊಳಿಸುವವರೂ, ಸೆಕ್ಯುರಿಟಿ ಗಾರ್ಡುಗಳೂ, ಕಸ ವಿಲೇವಾರಿಯವರೂ ಇದರೊಳಗೇ ಬರುತ್ತಾರೆ. ನೂರು ಜನರಲ್ಲಿ ಅರವತ್ತು ಮಂದಿಗೆ 40 ಗಂಟೆ, ಉಳಿದ ನಲವತ್ತು ಮಂದಿಗೆ 30 ಗಂಟೆ ಎಂದಿಟ್ಟುಕೊಳ್ಳಿ: ಸರಾಸರಿ 36. ಇನ್ನೂ ಹತ್ತು ಹುದ್ದೆಗಳು ಮೊದಲ ಗುಂಪಿನಿಂದ ಎರಡನೆಯದಕ್ಕೆ ಸರಿದರೆ ಅದು 35ಕ್ಕೆ ಇಳಿಯುತ್ತದೆ, ಉಳಿದ ತೊಂಬತ್ತು ಜನರ ವಾರ ಒಂದು ನಿಮಿಷವೂ ಕಡಿಮೆಯಾಗದೆ. ಏಜೆನ್ಸಿಯ ತಾತ್ಕಾಲಿಕ ನೌಕರರನ್ನು ಕೈಬಿಟ್ಟಾಗ ಅದೇ ಸರಾಸರಿ ಏರಿ, ಕೆಲಸ ಹೆಚ್ಚಿದೆಯೆಂಬ ಭ್ರಮೆ ಹುಟ್ಟಿಸಬಹುದು.

ಭಾರತದ ಅಂಕಿಗಳೊಡನೆ ಹೋಲಿಸುವವರು ಇನ್ನೊಂದನ್ನೂ ಮರೆಯುತ್ತಾರೆ. ನಮ್ಮ ಆವರ್ತಕ ಶ್ರಮಶಕ್ತಿ ಸಮೀಕ್ಷೆ, 2017-18ರಿಂದ ನಡೆಯುತ್ತಿರುವುದು, ಮನೆಗಳಿಗೆ ಹೋಗಿ ಕಳೆದ ಏಳು ದಿನಗಳಲ್ಲಿ ದಿನಕ್ಕೆಷ್ಟು ಗಂಟೆ ನಿಜವಾಗಿ ದುಡಿದಿರಿ ಎಂದು ಕೇಳುತ್ತದೆ. ಅಲ್ಲಿ ಹೇಳುವವರು ಮನೆಮಂದಿ, ಇಲ್ಲಿ ಮಾಲೀಕರು. ಇನ್ನು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿರುವ ದಿನಕ್ಕೆ 9, ವಾರಕ್ಕೆ 48 ಗಂಟೆ ಎನ್ನುವುದು ಸರಾಸರಿಯೇ ಅಲ್ಲ, ಗರಿಷ್ಠ ಮಿತಿ. 2025ರ ಜೂನ್‌ನಲ್ಲಿ ದಿನದ ಮಿತಿಯನ್ನು 10ಕ್ಕೆ ಏರಿಸುವ ಪ್ರಸ್ತಾವ ಬಂದು ಐಟಿ ನೌಕರರ ಸಂಘ ವಿರೋಧಿಸಿದಾಗ, ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ವಾದಿಸಿದವರನ್ನು ಕಂಡು ನನಗೆ ತುಸು ಸಿಡಿಮಿಡಿಯಾದದ್ದುಂಟು.

ಹಾಗೆಂದು ಈ ಅಂಕಿ ನಿರುಪಯೋಗಿಯಲ್ಲ. ವ್ಯಾಪಾರ ಕುಗ್ಗಿದಾಗ ಮಾಲೀಕರು ಸಾಮಾನ್ಯವಾಗಿ ಜನರನ್ನು ತೆಗೆಯುವ ಮೊದಲು ಗಂಟೆಗಳನ್ನು ಕಡಿತಗೊಳಿಸುತ್ತಾರೆ; ಆದ್ದರಿಂದ ಇದರ ಬೆಲೆ ಇರುವುದು ಇಷ್ಟು ಗಂಟೆ ಎಂಬುದಕ್ಕಿಂತ ಯಾವ ಕಡೆಗೆ ಚಲಿಸುತ್ತಿದೆ ಎಂಬುದರಲ್ಲಿ. ಹಬ್ಬ, ರಜೆ, ಋತುಗಳ ಏರಿಳಿತವನ್ನು ತೆಗೆದುಹಾಕದ ಸರಣಿಯಾದರೆ ಜನವರಿಯನ್ನು ಡಿಸೆಂಬರಿನೊಡನೆ ಹೋಲಿಸದೆ ಹಿಂದಿನ ವರ್ಷದ ಜನವರಿಯೊಡನೆ ಹೋಲಿಸಬೇಕು. 12ನೆಯ ತಾರೀಖಿನ ವಾರದಲ್ಲಿ ನ್ಯೂಜೆರ್ಸಿಯಲ್ಲಿ ಭಾರೀ ಹಿಮ ಬಿದ್ದಿತ್ತೇ ಎಂಬುದನ್ನೂ ನೋಡಬೇಕು, ಏಕೆಂದರೆ ಅಂಥ ವಾರದಲ್ಲಿ ಗಂಟೆ ಲೆಕ್ಕದ ಕೂಲಿಯವರು ಕೆಲಸವನ್ನೂ ಸಂಬಳವನ್ನೂ ಕಳೆದುಕೊಳ್ಳುತ್ತಾರೆ, ನನ್ನಂತಹ ಮಾಸಿಕ ಸಂಬಳದವರ ಹೆಸರಿನ ಮುಂದೆ ಮಾತ್ರ 40 ಎಂದೇ ಉಳಿಯುತ್ತದೆ.