ಕಳಸ, ಕುದುರೆಮುಖ, ಆಗುಂಬೆ: ಮಳೆಗಾಲದ ಬೈಕ್ ಸವಾರಿಗೆ ಸೀಟಿನ ಕೆಳಗೆ ಏನಿರಬೇಕು, ಏನಿರಬಾರದು

ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟ ಸ್ವಲ್ಪ ಹೊತ್ತಿಗೆ ಬೈಕಿನ ಹಿಂಭಾಗ ತೂಗಾಡತೊಡಗಿತು. ಜುಲೈ ತಿಂಗಳು, ಬಿಟ್ಟೂಬಿಡದ ಜಡಿಮಳೆ. ಕಾಫಿ ತೋಟವೊಂದರ ಗೇಟಿನ ಪಕ್ಕ ನಿಲ್ಲಿಸಿ ನೋಡಿದರೆ ಹಿಂದಿನ ಟೈರು ಅರ್ಧ ಕೂತುಬಿಟ್ಟಿತ್ತು. ಪಂಕ್ಚರ್ ಕಿಟ್ ತಂದಿದ್ದೆ, ಆದರೆ ಅದು ಸೀಟಿನ ಕೆಳಗಿತ್ತು. ಸೀಟಿನ ಮೇಲೆ ಸ್ಯಾಡಲ್ ಬ್ಯಾಗಿನ ಪಟ್ಟಿ, ಅದರ ಹಿಂದೆ ಟಾರ್ಪಾಲಿನಲ್ಲಿ ಸುತ್ತಿದ ಬಟ್ಟೆಗಂಟು, ಅದರ ಮೇಲೆ ಬಿಗಿದ ನಾಲ್ಕು ಬಂಜಿ ಹಗ್ಗ.

"ರೀ, ಇಷ್ಟೂ ಬಿಚ್ಚಬೇಕಾ?" ಅಂದಳು ನನ್ನಾಕೆ.

ಇಷ್ಟೂ ಬಿಚ್ಚಬೇಕಾಯಿತು. ಬಟ್ಟೆಗಂಟನ್ನು ಒದ್ದೆ ಹುಲ್ಲಿನ ಮೇಲಿಟ್ಟು, ಸ್ಯಾಡಲ್ ಬ್ಯಾಗು ಇಳಿಸಿ, ಕೀ ತಿರುಗಿಸಿ ಸೀಟು ಎತ್ತಿ ಕಿಟ್ ಕೈಗೆ ಬರುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಪಂಕ್ಚರ್ ಹಾಕಿದ್ದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಇದೇ ದಾರಿಯಲ್ಲಿ ಹೊರಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರಸ್ತೆ ಬದಿಯಲ್ಲಿ ತಟ್ಟನೆ ಬೇಕಾಗುವ ಯಾವುದನ್ನೂ ಸೀಟಿನ ಕೆಳಗೆ ಇಡಬೇಡಿ. ಸಂಜೆ ತಂಗಿದಲ್ಲಿ ನಿಧಾನವಾಗಿ ತೆಗೆಯುವಂಥದ್ದಕ್ಕೆ ಆ ಜಾಗ.

ನಾವು ಹೋದ ದಾರಿ ಹೀಗಿತ್ತು. ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟು ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ರಾತ್ರಿಗೆ ಕಳಸ. ಎರಡನೇ ದಿನ ಕುದುರೆಮುಖ, ಬಜಗೋಳಿ, ಕಾರ್ಕಳ, ಹೆಬ್ರಿ, ಆಗುಂಬೆ, ರಾತ್ರಿಗೆ ತೀರ್ಥಹಳ್ಳಿ. ಮೂರನೇ ದಿನ ಶಿವಮೊಗ್ಗದ ಮೇಲೆ ವಾಪಸ್. ಒಟ್ಟು ಸುಮಾರು 800 ಕಿ.ಮೀ. ನನ್ನದು 150 ಸಿಸಿಯ ಸಾದಾ ಬೈಕು, ಟ್ಯೂಬ್‌ಲೆಸ್ ಟೈರು. ಇಬ್ಬರು ಕೂತು ಮೂರು ದಿನದ ಸಾಮಾನು ಹೇರಿದರೂ ಈ ದಾರಿಗೆ ಅದು ಸಾಕು. ದೊಡ್ಡ ಬೈಕು ಇಲ್ಲವೆಂದು ಹೊರಡದೇ ಇರಬೇಡಿ.

ಪಂಕ್ಚರ್ ವಿಷಯ ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ಕಿಟ್ ಕೊಂಡವರಲ್ಲಿ ಬಹಳ ಮಂದಿ ಅದನ್ನು ಒಮ್ಮೆಯೂ ಬಳಸಿ ನೋಡಿರುವುದಿಲ್ಲ. ಮೊಳೆ ಕಂಡ ಕೂಡಲೇ ಕಿತ್ತುಹಾಕಬೇಡಿ. ಅದು ಯಾವ ಓರೆಯಲ್ಲಿ ಹೊಕ್ಕಿದೆ ಎಂದು ಗಮನಿಸಿ, ತೂತು ಮುಚ್ಚುವ ರಬ್ಬರಿನ ಬತ್ತಿಗೆ ಅಂಟು ಸವರಿ ಸೂಜಿಗೆ ಪೋಣಿಸಿಟ್ಟುಕೊಂಡ ಮೇಲೆ ಕೀಳಿ. ಆಮೇಲೆ ಅರದಂತಿರುವ ಗಿಮಿಟನ್ನು ಅದೇ ಓರೆಯಲ್ಲಿ ತೂರಿಸಿ ನಾಲ್ಕೈದು ಸಲ ಆಡಿಸಬೇಕು. ಇದಕ್ಕೆ ನಿಜವಾಗಿಯೂ ಬಲ ಬೇಕು, ಬೈಕು ಮೇನ್ ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಂತಿರಬೇಕು. ಬತ್ತಿಯ ಎರಡೂ ತುದಿ ಒಂದು ಸೆಂಟಿಮೀಟರಿನಷ್ಟು ಹೊರಗುಳಿಯುವಂತೆ ತುರುಕಿ, ಸೂಜಿಯನ್ನು ತಿರುಚದೆ ಒಂದೇ ಎಳೆತಕ್ಕೆ ಹೊರತೆಗೆಯಬೇಕು. ಗಾಳಿ ತುಂಬಿ ಮೇಲೆ ನೀರು ಬಿಟ್ಟರೆ ಗುಳ್ಳೆ ಏಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ನಮಗೆ ಆ ಕೆಲಸ ಮಳೆಯೇ ಮಾಡಿಕೊಟ್ಟಿತು. ಮೊಳೆ ಟೈರಿನ ಪಕ್ಕದ ಗೋಡೆಗೆ ಹೊಕ್ಕಿದ್ದರೆ ಮಾತ್ರ ಬತ್ತಿ ನೆಚ್ಚಬೇಡಿ, ಟೈರು ಬದಲಿಸುವುದೇ ದಾರಿ.

ಪಂಪಿನ ಬಗ್ಗೆ ಒಂದು ಮಾತು. ಮನೆಯಲ್ಲಿದ್ದ ಸೈಕಲ್ ಪಂಪ್ ಹಾಕಿಕೊಂಡು ಹೊರಡುವವರಿದ್ದಾರೆ. ನಮ್ಮ ಹಳೇ ಸೈಕಲ್ಲಿನ ವಾಲ್ವೇ ಬೇರೆ, ಬೈಕಿನ ವಾಲ್ವೇ ಬೇರೆ. ಪಂಪಿನ ಬಾಯಿ ನಿಮ್ಮ ಬೈಕಿಗೆ ಕೂರುತ್ತದೋ ಇಲ್ಲವೋ ಮನೆಯ ಅಂಗಳದಲ್ಲೇ ನೋಡಿಕೊಳ್ಳಿ. ನನ್ನ ಬಳಿ ಇದ್ದದ್ದು ಬೈಕಿನ ವಾಲ್ವಿಗೆ ಹೊಂದುವ ಗೇಣುದ್ದದ ಕೈಪಂಪು. ಇನ್ನೂರಕ್ಕೂ ಹೆಚ್ಚು ಸಲ ಒತ್ತಿದ ಮೇಲೆ, ಇಬ್ಬರೂ ಸರದಿ ಬದಲಿಸಿಕೊಂಡು, ಕೊಟ್ಟಿಗೆಹಾರ ತಲುಪುವಷ್ಟು ಗಾಳಿ ಆಯಿತು. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಎಲೆಕ್ಟ್ರಿಕ್ ಪಂಪು ಆರಾಮ, ಆದರೆ ಬಹಳ ಬೈಕುಗಳ ಸೀಟಿನ ಕೆಳಗೆ ಅದು ಹಿಡಿಸುವುದಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಸಾಮಾನೆಲ್ಲ ಮೇಜಿನ ಮೇಲೆ ಹರಡಿ ಮತ್ತೆ ಕಟ್ಟಿದೆವು. ಪಂಕ್ಚರ್ ಕಿಟ್, ಪಂಪು, ಗಾಳಿಯ ಗೇಜು, ತಲೆಗೆ ಕಟ್ಟುವ ಟಾರ್ಚು, ಕಟಿಂಗ್ ಪ್ಲೇಯರ್, ಇನ್ಸುಲೇಶನ್ ಟೇಪು, ನಾಲ್ಕು ಕೇಬಲ್ ಟೈ, ಇಷ್ಟನ್ನೂ ಟ್ಯಾಂಕಿನ ಮೇಲಿನ ಬ್ಯಾಗಿಗೆ ಹಾಕಿದೆ. ಬಟ್ಟೆಗಂಟನ್ನು ಸೀಟಿನಿಂದ ಹಿಂದಕ್ಕೆ ಸರಿಸಿ ಹಿಂದಿನ ಹಿಡಿಕೆಗೆ ಮಾತ್ರ ಬಿಗಿದೆ. ಸ್ಯಾಡಲ್ ಬ್ಯಾಗಿನ ಪಟ್ಟಿಯನ್ನು ಸೀಟಿನ ಮೇಲಿಂದ ತೆಗೆದು ಕೆಳಗಿನಿಂದ ಹಾಯಿಸಿದೆ. ಈಗ ಏನನ್ನೂ ಬಿಚ್ಚದೆ ಸೀಟು ಏಳುತ್ತಿತ್ತು. ನಿಮ್ಮ ಬೈಕಿನಲ್ಲಿ ಪಟ್ಟಿ ಕೆಳಗಿನಿಂದ ಹಾಯುವುದಾದರೆ ಸೀಟಿನ ಲಾಕು ಪೂರ್ತಿ ಕೂರುತ್ತದೋ ನೋಡಿ. ಅರ್ಧ ಕೂತ ಸೀಟು ಘಾಟಿಯ ತಿರುವಿನಲ್ಲಿ ಅಲುಗಾಡಿದರೆ ಹಿಂದೆ ಕೂತವರಿಗೆ ಅಪಾಯ.

ಸೀಟಿನ ಕೆಳಗೆ ಉಳಿದದ್ದು ಸ್ಪ್ಯಾನರುಗಳು, ಸ್ಪಾರ್ಕ್ ಪ್ಲಗ್ಗಿನ ಪಾನಾ, ಹೊಸದೊಂದು ಪ್ಲಗ್ಗು, ಬಿಡಿ ಫ್ಯೂಸು, ಬಲ್ಬು, ಚೈನಿಗೆ ಹಾಕಲು 90 ನಂಬರಿನ ಗೇರ್ ಎಣ್ಣೆಯ ಪುಟ್ಟ ಬಾಟಲಿ. ಬೈಕಿನ ಜೊತೆ ಬಂದ ಕಿಟ್ಟಿನ ಸ್ಪ್ಯಾನರುಗಳು ಮೆದು, ಬಿಗಿ ನಟ್ಟಿಗೆ ಹಾಕಿದರೆ ಬಾಯಿ ಅಗಲವಾಗುತ್ತದೆ. ಮನೆಯಲ್ಲಿ ಒಂದು ಭಾನುವಾರ ಕೂತು ನಿಮ್ಮ ಬೈಕಿನ ಯಾವ ನಟ್ಟಿಗೆ ಯಾವ ನಂಬರು ಎಂದು ಒಂದೊಂದಾಗಿ ಹಾಕಿ ನೋಡಿ, ಅಷ್ಟನ್ನೇ ಒಳ್ಳೆಯ ಸ್ಪ್ಯಾನರಿನಲ್ಲಿ ಕೊಳ್ಳಿ. ಹಿಂದಿನ ಚಕ್ರದ ಆಕ್ಸಲ್ ನಟ್ಟು ಸಣ್ಣ ಹಿಡಿಯ ಪಾನಾಗೆ ಜಗ್ಗುವುದಿಲ್ಲ. ಹಿಡಿಯ ಮೇಲೆ ತೂರಿಸಲು ಗೇಣುದ್ದದ ಜಿಐ ಪೈಪಿನ ತುಂಡು ಇಟ್ಟುಕೊಂಡರೆ ಒಬ್ಬರೇ ಸಡಿಲಿಸಬಹುದು.

ಇವನ್ನು ಕಟ್ಟುವ ರೀತಿಯಲ್ಲಿ ಎಚ್ಚರ ಬೇಕು. ಹಲವು ಬೈಕುಗಳಲ್ಲಿ ಬ್ಯಾಟರಿ ಸೀಟಿನ ಕೆಳಗೇ ಇರುತ್ತದೆ. ಬಿಡಿಯಾಗಿ ಬಿಸಾಕಿದ ಸ್ಪ್ಯಾನರು ಕುಲುಕಾಟಕ್ಕೆ ಜಾರಿ ಎರಡು ಟರ್ಮಿನಲ್ಲಿಗೂ ತಾಕಿದರೆ ಕಿಡಿ ಹಾರಿ ವೈರಿಂಗೇ ಸುಟ್ಟೀತು. ಪ್ಲಸ್ ಟರ್ಮಿನಲ್ಲಿನ ರಬ್ಬರ್ ಟೋಪಿ ಇದೆಯೇ ನೋಡಿ, ಸ್ಪ್ಯಾನರುಗಳನ್ನು ಹಳೇ ಟವೆಲ್ಲಿನ ತುಂಡಿನಲ್ಲಿ ಸುರುಳಿ ಸುತ್ತಿ ಹಳೇ ಟ್ಯೂಬು ಕತ್ತರಿಸಿದ ರಬ್ಬರಿನಿಂದ ಬಿಗಿಯಿರಿ. ಸದ್ದೂ ಆಗುವುದಿಲ್ಲ, ಕೈ ಒರೆಸಲು ಬಟ್ಟೆಯೂ ಆಯಿತು. ಏರ್ ಫಿಲ್ಟರ್ ಗಾಳಿ ಎಳೆದುಕೊಳ್ಳುವ ಬಾಯಿಯೂ ಎಷ್ಟೋ ಬೈಕುಗಳಲ್ಲಿ ಅಲ್ಲೇ ಇದೆ. ಜಾಗ ಖಾಲಿಯಿದೆಯೆಂದು ರೈನ್‌ಕೋಟು, ಟೋಪಿ ತುರುಕಿದರೆ ಎಂಜಿನ್ನಿಗೆ ಉಸಿರು ಕಟ್ಟಿ ಏರಿನಲ್ಲಿ ಎಳೆಯುವುದಿಲ್ಲ. ಆಮೇಲೆ ಕಾರ್ಬುರೇಟರ್ ಕೆಟ್ಟಿತೆಂದು ಮೆಕ್ಯಾನಿಕ್ ಹುಡುಕಬೇಕಾದೀತು.

ಇಂಬಳಕ್ಕೆಂದು, ಅಂದರೆ ಜಿಗಣೆಗೆಂದು, ತಂದ ಉಪ್ಪಿನ ಪೊಟ್ಟಣವನ್ನೂ ನಾನು ಹೊರಡುವಾಗ ಅಲ್ಲೇ ಇಟ್ಟಿದ್ದೆ. ಮೇಲಿನ ಸಂದಿಯಿಂದ ಇಳಿದ ಮಳೆನೀರಿಗೆ ಅದು ಕರಗಿ ಎರಡು ಸ್ಪ್ಯಾನರಿಗೆ ಒಂದೇ ದಿನದಲ್ಲಿ ತುಕ್ಕು ಹಿಡಿಸಿತು. ಉಪ್ಪು ನಿಮ್ಮ ಜೇಬಿನಲ್ಲಿರಲಿ. ಸೀಟಿನ ಕೆಳಗೆ ನೀರು ಬರುವುದಿಲ್ಲ ಎಂದು ನಂಬಲೇಬೇಡಿ. ಆರ್‌ಸಿ, ವಿಮೆ ಕಾಗದ ಅಲ್ಲಿಡುವುದಾದರೆ ಎರಡು ಪದರ ಪ್ಲಾಸ್ಟಿಕ್ ಬೇಕು. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ, ಆದರೆ ಕುದುರೆಮುಖದ ಕಾಡಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಬಿಡಿ ಕೀ ಮಾತ್ರ ಅಲ್ಲಿಡಬೇಡಿ. ಸೀಟು ತೆಗೆಯಲು ಬೇಕಾದದ್ದೇ ಆ ಕೀ. ನನ್ನದು ನನ್ನಾಕೆಯ ಪರ್ಸಿನಲ್ಲಿತ್ತು.

ಕಳಸ ತಲುಪುವ ಮೊದಲೇ ಕ್ಲಚ್ ಲಿವರ್ ಯಾಕೋ ಬಿಗಿಯಾದಂತೆ, ನಡುವೆ ತಡೆದು ತಡೆದು ಬಂದಂತೆ ಅನಿಸುತ್ತಿತ್ತು. ಭದ್ರಾ ನದಿಯ ದಡದ ಆ ಊರಿನಲ್ಲಿ ರೂಮು ಹಿಡಿದು, ಲಾಡ್ಜಿನ ಶೀಟಿನ ಕೆಳಗೆ ಬೈಕು ನಿಲ್ಲಿಸಿ ಲಿವರಿನ ರಬ್ಬರ್ ಸರಿಸಿ ನೋಡಿದೆ. ಕೇಬಲ್ಲಿನ ನಾಲ್ಕೈದು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದವು. ಮಾರನೇ ದಿನದ ದಾರಿಯಲ್ಲಿ ಅದು ಪೂರ್ತಿ ಹರಿದಿದ್ದರೆ ಕಷ್ಟವಿತ್ತು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರು, ಹೊತ್ತು ಬರೆದುಕೊಳ್ಳುತ್ತಾರೆ, ಒಳಗೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಹಾಗಾಗಿ ಬೈಕಿನ ಪರೀಕ್ಷೆ ಏನಿದ್ದರೂ ಕಳಸದಲ್ಲೇ ಮುಗಿಯಬೇಕು. ಪೆಟ್ರೋಲೂ ಅಲ್ಲೇ ತುಂಬಿಸಿ.

ಇಲ್ಲಿ ನನ್ನನ್ನು ಉಳಿಸಿದ್ದು ಮನೆಯಲ್ಲಿ ಮಾಡಿದ್ದ ಒಂದು ಸಣ್ಣ ಕೆಲಸ. ಹೊಸ ಕ್ಲಚ್ ಕೇಬಲ್ಲನ್ನು ಸುತ್ತಿ ಸೀಟಿನ ಕೆಳಗೆ ತುರುಕುವ ಬದಲು, ಹಳೆಯದರ ಪಕ್ಕದಲ್ಲೇ ಅದೇ ದಾರಿಯಲ್ಲಿ ಹಾಯಿಸಿ, ಎರಡೂ ತುದಿಗೆ ಗ್ರೀಸ್ ಸವರಿ ಟೇಪು ಸುತ್ತಿ ಕೇಬಲ್ ಟೈಯಲ್ಲಿ ಕಟ್ಟಿಟ್ಟಿದ್ದೆ. ಟ್ಯಾಂಕಿನ ಕೆಳಗೆ ಕೇಬಲ್ ತೂರಿಸುವುದೇ ಈ ರಿಪೇರಿಯ ಕಷ್ಟದ ಭಾಗ, ಅದು ಆಗಲೇ ಆಗಿತ್ತು. ಲಿವರಿನ ಅಡ್ಜಸ್ಟರಿನ ಸೀಳುಗಳನ್ನು ಒಂದೇ ಗೆರೆಗೆ ತಂದು ಹಳೇ ತುದಿ ಬಿಡಿಸಿ, ಎಂಜಿನ್ ಬದಿಯಲ್ಲಿ ನಟ್ಟು ಸಡಿಲಿಸಿ, ಹೊಸದನ್ನು ಸಿಕ್ಕಿಸಿದೆ. ಲಿವರಿನ ಬುಡದಲ್ಲಿ 2–3 ಮಿ.ಮೀ. ಸಡಿಲು ಬಿಟ್ಟು ಬಿಗಿದೆ. ಹತ್ತು ನಿಮಿಷದ ಕೆಲಸ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕಟ್ಟಿಟ್ಟ ಹೊಸ ಕೇಬಲ್ ಎಲ್ಲೂ ಜಗ್ಗುವುದಿಲ್ಲ, ಸಿಕ್ಕಿಕೊಳ್ಳುವುದಿಲ್ಲ ಎಂದು ಮೊದಲೇ ನೋಡಿರಬೇಕು, ಅದನ್ನು ಮರೆಯಬೇಡಿ. ಎಲ್ಲ ಮಾರ್ಪಾಡುಗಳ ಪೈಕಿ ಒಂದನ್ನೇ ಮಾಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಅದೇ ಸಂಜೆ ಇನ್ನೆರಡು ಕೆಲಸ ಆಯಿತು. ಇಬ್ಬರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಕೊಕ್ಕೆ ಪಾನಾದಿಂದ ಒಂದು ಮೆಟ್ಟಿಲು ಗಟ್ಟಿ ಮಾಡಿದೆ. ಹಿಂಭಾಗ ಕುಗ್ಗಿದರೆ ಹೆಡ್‌ಲೈಟು ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿ ನಮಗೂ ದಾರಿ ಕಾಣುವುದಿಲ್ಲ. ಲಿವರುಗಳ ಕ್ಲಾಂಪನ್ನು ಅತಿಯಾಗಿ ಬಿಗಿಯದೆ, ಕೈಯಿಂದ ಜೋರಾಗಿ ಒತ್ತಿದರೆ ತಿರುಗುವಷ್ಟೇ ಬಿಗಿದಿಟ್ಟೆ. ಬೈಕು ಜಾರಿ ಬಿದ್ದರೆ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ.

ಕುದುರೆಮುಖದ ದಾರಿಯನ್ನು ಬಣ್ಣಿಸುತ್ತಾ ಕೂತರೆ ಮುಗಿಯುವುದಿಲ್ಲ. ಶೋಲಾ ಕಾಡು, ಹಸಿರು ಗುಡ್ಡಗಳ ಮೈಮೇಲೆ ಹರಿದಾಡುವ ಮಂಜು. 2005ರ ಕೊನೆಗೆ ಇಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು, ಊರಿನ ಖಾಲಿ ಕ್ವಾರ್ಟರ್ಸುಗಳು ಮಳೆಯಲ್ಲಿ ನೆನೆಯುತ್ತಾ ನಿಂತಿವೆ. ಎಸ್.ಕೆ. ಬಾರ್ಡರ್ ಎಂಬ ಹೆಸರಿನಲ್ಲಿ ಹಳೇ ಸೌತ್ ಕೆನರಾ ಜಿಲ್ಲೆ ಇನ್ನೂ ಉಳಿದಿದೆ. ಅಲ್ಲಿಂದ ಮಾಳದ ಕಡೆ ಇಳಿಜಾರು, ಪಾಚಿ ಹಿಡಿದ ತಿರುವುಗಳು. ಬರೀ ಬ್ರೇಕನ್ನು ನಂಬದೆ ಎರಡನೇ ಗೇರಿನಲ್ಲಿ ಎಂಜಿನ್ನಿನ ತಡೆಯಲ್ಲೇ ಇಳಿಯಿರಿ.

ಹೆಬ್ರಿಯಲ್ಲಿ ಊಟಕ್ಕೆ ನಿಂತಾಗ ಚೈನು ಒಣಗಿ ಕಿರುಗುಟ್ಟುತ್ತಿತ್ತು. ಮಳೆ ಎಣ್ಣೆಯನ್ನು ತೊಳೆದುಬಿಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ದಿನಕ್ಕೊಮ್ಮೆ ಎಣ್ಣೆ ಬೇಕು. ಸಡಿಲವೂ ಹೆಚ್ಚಿತ್ತು. ಈ ಗಾತ್ರದ ಬೈಕುಗಳಿಗೆ ಸಾಮಾನ್ಯವಾಗಿ ಚೈನು ಮೇಲೆ ಕೆಳಗೆ 25ರಿಂದ 35 ಮಿ.ಮೀ. ಆಡುವಂತಿರಬೇಕು, ನಿಮ್ಮ ಬೈಕಿನ ಅಳತೆ ಕೈಪಿಡಿಯಲ್ಲಿ ಇರುತ್ತದೆ. ಪೈಪಿನ ತುಂಡು ಇಲ್ಲಿ ಕೆಲಸಕ್ಕೆ ಬಂತು. ಆಕ್ಸಲ್ ನಟ್ಟು ಸಡಿಲಿಸಿ ಎರಡೂ ಬದಿಯ ಗುರುತು ಸಮ ಬರುವಂತೆ ಎಳೆದು ಬಿಗಿದೆ. ಗುರುತು ಹೆಚ್ಚುಕಮ್ಮಿಯಾದರೆ ಚಕ್ರ ಓರೆಯಾಗಿ ಓಡುತ್ತದೆ.

ಅದರ ಲಾಭ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸಿಕ್ಕಿತು. ಚೈನು ಸಡಿಲವಿದ್ದರೆ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಬೈಕು ಎಗರುತ್ತದೆ, ಒದ್ದೆ ತಿರುವಿನಲ್ಲಿ ಅದು ಒಳ್ಳೆಯದಲ್ಲ. ಮೇಲಿನಿಂದ ಬರುವ ಬಸ್ಸಿಗೆ ಪೂರ್ತಿ ತಿರುವು ಬೇಕು, ಕೆಳಗೇ ಕಾದು ದಾರಿ ಬಿಡಿ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಜಾಗ ಇದು. ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಆದ್ದರಿಂದ ಹೆಬ್ರಿಯಲ್ಲೇ ಬಸ್ಸಿನವರನ್ನು ಕೇಳಿಕೊಂಡು ಹತ್ತಿ.

ತೀರ್ಥಹಳ್ಳಿಯಿಂದ ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರಿನ ಮೇಲೆ ಮನೆಗೆ ಬಂದದ್ದರಲ್ಲಿ ಹೇಳುವಂಥದ್ದೇನಿಲ್ಲ. ಒಳ್ಳೆಯ ರಸ್ತೆ, ಕಡೂರಿನಾಚೆ ಮಳೆಯೂ ಇಲ್ಲ.

ಮನೆಗೆ ಬಂದ ಮಾರನೇ ಬೆಳಗ್ಗೆ ಸೀಟು ತೆಗೆದು ಬಿಸಿಲಿಗಿಟ್ಟೆ. ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಎಂಜಿನ್ ಆಯಿಲ್ ಸವರಿ, ಒಣ ಬಟ್ಟೆಯಲ್ಲಿ ಸುತ್ತಿದೆ. ಸೀಟಿನ ಲಾಕಿಗೆ ಎರಡು ಹನಿ ಎಣ್ಣೆ ಬಿಟ್ಟೆ. ಪಂಕ್ಚರಿನ ಅಂಟಿನ ಟ್ಯೂಬು ಒಮ್ಮೆ ತೆರೆದರೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಹೊಸದು ತಂದಿಟ್ಟೆ. ಬತ್ತಿ ಹಾಕಿದ್ದ ಟೈರನ್ನು ಅಂಗಡಿಯಲ್ಲಿ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಬರುವಾಗ ಇನ್ನೊಂದು ಕ್ಲಚ್ ಕೇಬಲ್ ಕೊಂಡು ತಂದೆ, ಹೊಸದರ ಪಕ್ಕದಲ್ಲಿ ಹಾಯಿಸಿ ಕಟ್ಟಿದ್ದಾಗಿದೆ.